ತಂಗಿ ಅಕ್ಷರ ಕೂಡಿಸಿ ಓದಿದ ಕಾಗದ

ನನಗೆ ರಷ್ಯನ್ ಕಲಿಸಿದವರು ಭದ್ರಾವತಿಯಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರು. ಸೋವಿಯತ್ ಕಾಲದಲ್ಲಿ ತರಬೇತಿಗೆಂದು ರಷ್ಯಾಕ್ಕೆ ಹೋಗಿ ಎರಡು ವರ್ಷ ಇದ್ದು ಬಂದವರು. ರಜೆಯಲ್ಲಿ ಅವರ ಜಗಲಿಯ ಮೇಲೆ ಕೂತು ನಾನು ಅಕ್ಷರ ತಿದ್ದುತ್ತಿದ್ದರೆ, ತಂಗಿಯೂ ಪಕ್ಕದಲ್ಲಿ ಕೂತು ಚಿತ್ರ ಬಿಡಿಸಿದ ಹಾಗೆ ಅದನ್ನೇ ಬರೆಯುತ್ತಿದ್ದಳು. ಮುಂದೆ ನಾನು ಭಾಷೆ ಓದಿದೆ, ಅವಳು ಕೆಮಿಕಲ್ ಎಂಜಿನಿಯರಿಂಗ್ ಓದಿದಳು.

ಈಗ ನಾನಿರುವುದು ಶಿವಮೊಗ್ಗದ ನವುಲೆಯಲ್ಲಿ. ಒಂದು ವಕೀಲರ ಕಚೇರಿಗಾಗಿ, ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ದೇಶಗಳ ಕಾನೂನುಗಳನ್ನು ಮನೆಯಲ್ಲೇ ಕೂತು ಇಂಗ್ಲಿಷಿಗೆ ಅನುವಾದಿಸುತ್ತೇನೆ. ತೈಲ, ಗ್ಯಾಸು, ವಿದ್ಯುತ್ತು, ವಿದೇಶಿ ಬಂಡವಾಳ, ಹೆಚ್ಚಾಗಿ ಇವೇ ವಿಷಯ. ಈ ಕಾನೂನುಗಳು ಒಂದು ಕಡೆ ನಿಲ್ಲುವುದಿಲ್ಲ. ಒಂದು ಸರ್ಕಾರ ಹೊರಗಿನ ಕಂಪನಿಗಳನ್ನು ಕೈಬೀಸಿ ಕರೆಯುತ್ತದೆ, ಮುಂದೆ ಬಂದ ಸರ್ಕಾರ, ಗ್ಯಾಸು ನಮ್ಮ ಜನರದ್ದು, ಎನ್ನುತ್ತದೆ. ನನಗದು ಬಹಳ ಕಾಲ ಬರೀ ಕೆಲಸವಾಗಿತ್ತು.

ತಂಗಿಗೆ ಮಧ್ಯ ಏಷ್ಯಾದ ಅಂಥದೊಂದು ದೇಶದಲ್ಲಿ, ವಿದೇಶಿ ಕಂಪನಿಯ ಗ್ಯಾಸ್ ಸ್ಥಾವರದಲ್ಲಿ ಸುರಕ್ಷತಾ ಎಂಜಿನಿಯರ್ ಕೆಲಸ ಸಿಕ್ಕಿತು. ಅಮ್ಮನಿಗೆ ಕಳಿಸಲು ಮನಸ್ಸಿರಲಿಲ್ಲ. ಒಪ್ಪಿಸಿದವಳು ನಾನೇ. ಆ ದೇಶದ ಹೂಡಿಕೆ ಕಾಯ್ದೆಯನ್ನು ನಾನು ಅನುವಾದಿಸಿದ್ದೆ. ಕಂಪನಿ ಒಪ್ಪಂದ ಮಾಡಿಕೊಂಡ ದಿನ ಯಾವ ನಿಯಮವಿತ್ತೋ ಕೊನೆಯವರೆಗೂ ಅದೇ ನಡೆಯುತ್ತದೆ ಎಂಬ ಭರವಸೆ ಅದರಲ್ಲಿತ್ತು.

"ಕಾನೂನಲ್ಲೇ ಬರ್ದಿದಾರೆ ಅಮ್ಮ, ಏನೂ ಆಗಲ್ಲ," ಅಂದಿದ್ದೆ.

ಅವಳು ಹೋಗಿ ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ, ಅದೇ ದೇಶದ ತಿದ್ದುಪಡಿ ಕಾಯ್ದೆ ಅನುವಾದಕ್ಕೆ ಬಂತು. ಆಗಲೇ ಗೆಜೆಟ್ಟಿನಲ್ಲಿ ಪ್ರಕಟವಾಗಿತ್ತು. ಹಳೆಯ ಭರವಸೆಯನ್ನು ಒಂದೇ ಸಾಲಿನಲ್ಲಿ ತೆಗೆದುಹಾಕಿದ್ದರು. ವಿದೇಶಿ ಒಡೆತನದ ಇಂಧನ ಸ್ಥಾವರಗಳನ್ನು ಸರ್ಕಾರ ತಾತ್ಕಾಲಿಕವಾಗಿ ವಹಿಸಿಕೊಳ್ಳಬಹುದು. ಹಸ್ತಾಂತರ ಮುಗಿಯುವವರೆಗೆ ಅಲ್ಲಿನ ಜವಾಬ್ದಾರಿ ಹೊತ್ತ ನೌಕರರು ದೇಶ ಬಿಡುವಂತಿಲ್ಲ. ಬೇರೆ ಅರ್ಥವಿರಬಹುದೆಂದು ನಿಘಂಟು ತೆಗೆದೆ. ಇಪ್ಪತ್ತು ವರ್ಷದಿಂದ ಗೊತ್ತಿದ್ದ ಪದಗಳು. ಅರ್ಥ ಅದೇ ಇತ್ತು.

ತಂಗಿಗೆ ಫೋನ್ ಮಾಡಿ ಹೇಳಿದೆ.

"ಇಲ್ಲಿ ಯಾರೂ ಏನೂ ಹೇಳಿಲ್ವಲ್ಲ ಅಕ್ಕ," ಅಂದಳು.

"ದಿನಾ ಸೇಫ್ಟಿ ರಿಪೋರ್ಟಿಗೆ ಯಾರು ಸೈನ್ ಹಾಕೋದು?"

"ನಾನು. ಇನ್ನೊಬ್ರು ಇದಾರೆ, ಮದುರೈ ಕಡೆಯೋರು."

"ಸರ್ಕಾರದೋರು ವಹಿಸ್ಕೊಳ್ಳೋ ಮುಂಚೆ ರಜೆ ಹಾಕಿ ಬಂದ್ಬಿಡು ಮಾರಾಯ್ತಿ."

"ಬದಲಿ ಜನ ಇಲ್ದೆ ಪ್ಲಾಂಟ್ ಬಿಟ್ಟು ಬರಕ್ಕಾಗಲ್ಲ ಅಕ್ಕ. ನೋಡ್ತೀನಿ."

ಮೂರನೆಯ ದಿನದಿಂದ ಅವಳ ಫೋನ್ ಹೋಗಲಿಲ್ಲ. ಸ್ಥಾವರದ ನಂಬರೂ ಸತ್ತಿತ್ತು. ಎರಡು ದಿನ ನಾನು ಅನ್ನ ಕಲಸಿಕೊಂಡು ಹಾಗೇ ಕೂತಿರುತ್ತಿದ್ದೆ. ಆಮೇಲೆ ತಡೆಯಲಾರದೆ ಅಮ್ಮನಿಗೆ ಹೇಳಲು ಭದ್ರಾವತಿಯ ಬಸ್ಸು ಹತ್ತಿದೆ. ಅಮ್ಮ ಅಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ನಾನು ಹೋದಾಗ ಆರು ಮೆಷಿನ್ನುಗಳು ಓಡುತ್ತಿದ್ದವು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಅಕ್ಕ, ಆಫೀಸಲ್ಲಿದೀನಿ. ಸರ್ಕಾರದೋರು ಬಂದಿದಾರೆ. ಒಂದು ಪೇಪರಿಗೆ ಸೈನ್ ಹಾಕು ಅಂತಿದಾರೆ. ಫೋಟೋ ತೆಗೆಯೋ ಹಾಗಿಲ್ವಂತೆ. ಓದಿ ಹೇಳ್ತೀನಿ, ಅರ್ಥ ಹೇಳು."

"ಏನಾಯ್ತೇ?" ಅಮ್ಮ ನನ್ನ ಮುಖ ನೋಡಿ ಕೇಳಿದಳು. ಉತ್ತರಕ್ಕೆ ಕಾಯದೆ ಹುಡುಗಿಯರ ಕಡೆ ತಿರುಗಿ, "ಎಲ್ಲಾ ಮೆಷಿನ್ ನಿಲ್ಸಿ" ಅಂದಳು.

ತಂಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪದಗಳು ಅರ್ಧಂಬರ್ಧ ಒಡೆದು ಬರುತ್ತಿದ್ದವು. ನಾನು ಬಟ್ಟೆಗೆ ಗುರುತು ಹಾಕುವ ಚಾಕ್ ಪೀಸಿನಿಂದ ಅವನ್ನು ನೆಲದ ಮೇಲೆ ಬರೆದುಕೊಂಡು ಜೋಡಿಸಿದೆ. ಮೊದಲ ಆರು ಸಾಲುಗಳಲ್ಲಿ ಕಡತ, ಕೀಲಿ, ಅಳತೆಯ ಉಪಕರಣ ಒಪ್ಪಿಸಿದ ವಿವರ. ಏಳನೆಯ ಸಾಲನ್ನು ಎರಡು ಸಲ ಓದಿಸಿದೆ. ಸ್ಥಾವರದ ಹಿಂದಿನ ಎಲ್ಲ ಲೋಪಗಳ ಹೊಣೆಯನ್ನು ನಾನು ಹೊರುತ್ತೇನೆ ಎಂದಿತ್ತು.

"ಅದಿರೋ ತನಕ ಸೈನ್ ಹಾಕ್ಬೇಡ."

"ಹಾಕ್ದೆ ಇದ್ರೆ ಏನ್ಮಾಡ್ತಾರೆ?"

"ಗೊತ್ತಿಲ್ಲ," ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. "ನಾನು ಹೇಳ್ದಂಗೆ ಕೆಳಗೆ ಬರಿ."

ಏಳನೆಯ ಸಾಲನ್ನು ನಾನು ಒಪ್ಪುವುದಿಲ್ಲ, ಉಳಿದವನ್ನು ಒಪ್ಪುತ್ತೇನೆ ಎಂಬ ವಾಕ್ಯವನ್ನು ರಷ್ಯನ್ನಿನಲ್ಲಿ ಅಕ್ಷರ ಅಕ್ಷರವಾಗಿ ಹೇಳಿದೆ. ಅವಳು ಬರೆದಳು. ಒಬ್ಬ ಗಂಡಸಿನ ಗಡಸು ದನಿ, ಕುರ್ಚಿ ಎಳೆದ ಸದ್ದು, ಅಷ್ಟರಲ್ಲಿ ಲೈನು ಹೋಯಿತು.

ತಪ್ಪು ಹೇಳಿದೆನೇನೋ, ನನ್ನ ಮಾತಿನಿಂದಲೇ ಅವಳನ್ನು ಒಳಗೆ ಹಾಕುತ್ತಾರೇನೋ ಎಂದು ನೆಲದ ಮೇಲೆ ಬರೆದಿದ್ದನ್ನು ಮತ್ತೆ ಮೊದಲಿನಿಂದ ಓದಿದೆ. ಹುಡುಗಿಯರು ಒಬ್ಬೊಬ್ಬರೇ ಸದ್ದಿಲ್ಲದೆ ಮನೆಗೆ ಹೋದರು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸಂಜೆ ನಾಲ್ಕರ ಹೊತ್ತಿಗೆ ಸಂದೇಶ ಬಂತು: "ಬೇರೆ ಪೇಪರ್ ತಂದ್ರು. ಆ ಸಾಲು ಇಲ್ಲ. ಸೈನ್ ಹಾಕಿದೆ."

ಹನ್ನೊಂದು ದಿನದ ಮೇಲೆ ಅವಳನ್ನು ದೇಶ ಬಿಡಲು ಬಿಟ್ಟರು. ಶಿವಮೊಗ್ಗ ಸ್ಟೇಷನ್ನಿನಲ್ಲಿ ಇಳಿದಾಗ ತೆಳ್ಳಗಾಗಿದ್ದಳು, ಒಂದು ಕೈಚೀಲವಷ್ಟೇ ತಂದಿದ್ದಳು. ಅಮ್ಮ ಅವಳ ಕೈ ಹಿಡಿದುಕೊಂಡೇ ಆಟೋ ಹತ್ತಿದಳು. ದಾರಿಯಲ್ಲಿ ನಾನು ಮದುರೈಯವರ ಬಗ್ಗೆ ಕೇಳಿದೆ.

"ಅವ್ರು ನನಗಿಂತ ಒಂದು ಗಂಟೆ ಮುಂಚೆ ಒಳಗೆ ಹೋಗಿದ್ರು. ಆ ಸಾಲಿದ್ದ ಪೇಪರಿಗೇ ಸೈನ್ ಹಾಕ್ಬಿಟ್ಟಿದ್ರು," ಅಂದಳು.

ಅವರು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿನ ನ್ಯಾಯಾಲಯದಿಂದ ಬಂದ ಕಾಗದಗಳ ಚಿತ್ರವನ್ನು ಅವರ ಹೆಂಡತಿ ನನಗೆ ಕಳಿಸುತ್ತಾರೆ. ಆಕೆಯ ಹೆಸರು ಫೋನಿನ ಮೇಲೆ ಮೂಡಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಕೂತು ಪ್ರತಿ ಸಾಲನ್ನೂ ಓದಿ ಹೇಳುತ್ತೇನೆ. ಕಳೆದ ವಾರದ ಕಾಗದದಲ್ಲಿ ವಿಚಾರಣೆ ಮತ್ತೆ ಮುಂದೆ ಹೋಗಿದೆ ಎಂದಿತ್ತು.