ಬಸ್ಸಿನಲ್ಲಿ ಡಾಕ್ಟರರ ಸೊಳ್ಳೆಗಳು

ಆನೆಕಾಲು ರೋಗದ ಸಂಶೋಧಕರಾಗಿದ್ದ ನಮ್ಮ ಡಾಕ್ಟರು ತೀರಿಕೊಂಡಾಗ ಎಲ್ಲರೂ ಅವರ ಪ್ರಬಂಧಗಳನ್ನು ಹೊಗಳಿದರು. ನನಗೆ ನೆನಪಾದದ್ದು ಅರವತ್ತರ ದಶಕದ ಒಂದು ಬಸ್ ಪ್ರಯಾಣ.

ಆಗ ನಾನು ಕೊಚ್ಚಿಯಲ್ಲಿ ಅವರ ಸಹಾಯಕ. ಅವರು ಮನೆಯಲ್ಲೇ ಸಾಕಿದ್ದ ಸೊಳ್ಳೆಗಳನ್ನು ಪರದೆ ಬಟ್ಟೆಯ ಗೂಡಿನಲ್ಲಿಟ್ಟುಕೊಂಡು ಡಾಕ್ಟರು, ನಾನು ಅಮ್ಮ ಎಂದೇ ಕರೆಯುತ್ತಿದ್ದ ಅವರ ಹೆಂಡತಿ, ನಾನು ತಿರುವನಂತಪುರಕ್ಕೆ ಹೊರಟಿದ್ದೆವು. ಅಲ್ಲಿನ ಪ್ರಯೋಗಾಲಯಕ್ಕೆ ಅವು ಜೀವಂತವಾಗಿ ತಲುಪದಿದ್ದರೆ ವರ್ಷಗಳ ಕೆಲಸ ನೀರುಪಾಲು.

ತ್ರಿಪ್ಪುಣಿತ್ತುರದಲ್ಲಿ ಕಂಡಕ್ಟರ್ ಗೂಡು ನೋಡಿ ಬಸ್ ನಿಲ್ಲಿಸಿದ. "ಜೀವ ಇರೋದನ್ನೆಲ್ಲ ಬಸ್ಸಲ್ಲಿ ಒಯ್ಯೋ ಹಾಗಿಲ್ಲ ಸಾರೇ. ಜನರನ್ನು ಕಚ್ಚಿದರೆ?"

ಡಾಕ್ಟರು ವಿಜ್ಞಾನ ವಿವರಿಸತೊಡಗಿದರು. ಕಂಡಕ್ಟರ್ ಕರಗಲಿಲ್ಲ. ಅಮ್ಮ ಮಾತ್ರ ಬಳೆ ಹಿಂದಕ್ಕೆ ಸರಿಸಿ ಗೂಡಿನೊಳಗೆ ಕೈ ಇಟ್ಟರು. ಸೊಳ್ಳೆಗಳು ಮುತ್ತಿಕೊಂಡವು.

"ಬೆಳಿಗ್ಗೆ ನನ್ನ ಕೈ, ಸಂಜೆ ಇವರದು," ಎಂದರು ಮಲಯಾಳದಲ್ಲಿ. "ಹೊರಗಿನ ಊಟ ಇವಕ್ಕೆ ಅಭ್ಯಾಸವಿಲ್ಲ, ಮಗನೇ."

ಕಂಡಕ್ಟರ್ ಆ ಕೈಯನ್ನೇ ನೋಡುತ್ತ ನಿಂತ. ಆಮೇಲೆ, "ಹಾಗಾದರೆ ಮನೆಯ ಮಕ್ಕಳೇ," ಎಂದು ಗಂಟೆ ಬಾರಿಸಿದ.

ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದಲ್ಲಿ ಡಾಕ್ಟರು ಪಂದ್ಯದಲ್ಲಿ ಗೆದ್ದ ಕಪ್‌ನಂತೆ ಗೂಡನ್ನು ಎತ್ತಿ ಹಿಡಿದು ಇಳಿದರು. ಒಳಗೆ ಎಲ್ಲರೂ ಕ್ಷೇಮ. ದಾರಿಯುದ್ದಕ್ಕೂ ನನ್ನನ್ನು ಒಂದೂ ಕಚ್ಚಿರಲಿಲ್ಲ. ಆ ಕೊರತೆಯನ್ನು ಅಂದು ರಾತ್ರಿ ತಂಗಿದ ಲಾಡ್ಜಿನ ಸೊಳ್ಳೆಗಳು ತುಂಬಿಕೊಟ್ಟವು, ಯಾವ ಸಂಶೋಧನೆಯ ಉದ್ದೇಶವೂ ಇಲ್ಲದೆ.