ಸಿಂಕಿನ ಕೆಳಗಿನ ಬೋಗುಣಿ

ಕೊಳಾಯಿ ರಿಪೇರಿಗೆ ಹೋದಲ್ಲೆಲ್ಲ ಪಾಠ ಹೇಳುತ್ತಿದ್ದನೆಂದು ಬೀದಿಯವರು ಅವನಿಗೆ ‘ನಲ್ಲಿ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು. ಕರೆದರೆ ಅರ್ಧ ಗಂಟೆಯಲ್ಲಿ ಹಾಜರು. ತುಕ್ಕು ಹಿಡಿದ ಹಳೆಯ ವಾಲ್ವ್ ಕಂಡರೆ ಮೈಯೆಲ್ಲ ಉರಿ. “ನೀರು ನಿಲ್ಲಿಸೋಕಾಗದ ವಾಲ್ವ್ ಯಾಕಮ್ಮಾ, ನೋಡಿ ಖುಷಿಪಡೋಕಾ?” ಎಂದು ಗದರಿಯೇ ಕೆಲಸಕ್ಕೆ ಕೂರುತ್ತಿದ್ದ. ಹೊಸದು ಹಾಕಿದ ಮೇಲೆ ಮನೆಯಾಕೆ ಕೈಯಾರೆ ಒಮ್ಮೆ ತಿರುಗಿಸಿ ನೋಡಬೇಕು; ಅಲ್ಲಿಯವರೆಗೆ ಚೀಲ ಎತ್ತುತ್ತಿರಲಿಲ್ಲ.

ಸ್ವಂತ ಮನೆಯ ಸಂಗತಿ ಮಾತ್ರ ಕೇಳಬೇಡಿ. “ಸಿಂಕಿನ ಕೆಳಗೆ ತೊಟ್ಟಿಕ್ಕುತ್ತೆ ಕಣ್ರೀ” ಎಂದಳು ಹೆಂಡತಿ. “ನಾಳೆ ನೋಡ್ತೀನಿ” ಎಂದ. ಇನ್ನೊಮ್ಮೆ ಹೇಳಿದಳು. “ಶುರುವಾಯ್ತಾ ನಿನ್ನ ರಾಗ?” ಎಂದು ರೇಗಿದ. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಸರಿಹೋಗಿರಬೇಕು ಅಂದುಕೊಂಡ ಈ ಮಹಾನುಭಾವ! ತಾನಾಗಿಯೇ ಸರಿಹೋದ ವಾಲ್ವನ್ನು ತನ್ನ ಜನ್ಮದಲ್ಲಿ ಎಲ್ಲಿ ಕಂಡಿದ್ದನೋ.

ಒಂದು ದಿನ ಅವಳು ಒಲೆಯ ಮುಂದೆಯೇ ಕುಸಿದಳು. ಆಸ್ಪತ್ರೆ ಸೇರುವಷ್ಟರಲ್ಲಿ ಬಲಗೈ ಸ್ವಾಧೀನ ತಪ್ಪಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಸ್ವಲ್ಪ ಗೆಲುವಾಗಿ ಕಂಡಳೆಂದು, ಮಗಳನ್ನು ಪಕ್ಕದಲ್ಲಿ ಕೂರಿಸಿ, ಬಟ್ಟೆ ತರಲು ಮನೆಗೆ ಹೊರಟ. ಅವಳು ಎಡಗೈಯಿಂದ ಅವನ ಅಂಗಿ ಹಿಡಿದು, “ಬೇಗ ಬನ್ನಿ” ಎಂದಳು.

ಬಂದು ನೋಡಿದರೆ ಅಡುಗೆಮನೆಯ ತುಂಬ ನೀರು. ಸಿಂಕಿನ ಕೆಳಗೆ ಬಗ್ಗಿದ. ವಾಲ್ವಿಗೆ ಹಳೆಯ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಅದರಡಿ ಒಂದು ಬೋಗುಣಿ ತುಂಬಿ ಹರಿಯುತ್ತಿತ್ತು. ಬೋಗುಣಿಯ ಒಳಗೆಲ್ಲ ಗಡಸು ನೀರಿನ ಬಿಳಿ ಕರೆ. ಅದು ಎಷ್ಟು ವರ್ಷದ ಕರೆ ಎಂದು ಅವನಿಗಿಂತ ಬಲ್ಲವರು ಯಾರು? ಇಷ್ಟು ವರ್ಷವೂ ಇವಳು ದಿನಾ ಇದನ್ನು ಎತ್ತಿ ಚೆಲ್ಲಿದ್ದಳು, ಅವನಿಗೆ ತಿಳಿಯದ ಹಾಗೆ.

ಇನ್ನು ಅವಳು ಬೋಗುಣಿ ಎತ್ತಕೂಡದು. ಎಡಗೈಯ ಒಂದೇ ಬೆರಳಿಗೆ ತಿರುಗುವ, ಉದ್ದ ಹಿಡಿಯ ವಾಲ್ವ್ ಚೀಲದಲ್ಲೇ ಇತ್ತು. ಅರ್ಧ ಗಂಟೆಯ ಕೆಲಸ. ಎರಡು ಫೋನು ನೀರುಪಾಲಾದ ಮೇಲೆ, ಕೆಲಸಕ್ಕೆ ಕೂರುವ ಮುಂಚೆ ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕುವುದು ಅವನ ರೂಢಿ. ಇವತ್ತೂ ಹಾಗೇ ಮಾಡಿದ. ಟ್ಯಾಂಕಿನ ನೀರು ನಿಲ್ಲಿಸಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ ಬಿಗಿದ. ಮತ್ತೆ ನೀರು ಬಿಟ್ಟರೆ ಒಂದು ಹನಿಯೂ ಇಲ್ಲ.

“ಏ, ಬಾರೇ ಇಲ್ಲಿ, ತಿರುಗಿಸಿ ನೋಡು!” ಎಂದು ಅಭ್ಯಾಸಬಲದಿಂದ ಕೂಗಿಯೇಬಿಟ್ಟ. ಕೂಗಿ ತನ್ನಷ್ಟಕ್ಕೇ ನಕ್ಕ. ಬರಲಿ, ಮೊದಲು ಇದನ್ನೇ ತೋರಿಸುತ್ತೇನೆ ಎಂದುಕೊಂಡು ಅವಳ ಬಟ್ಟೆ ಎತ್ತಿಕೊಂಡ.

ಡಿಕ್ಕಿ ತೆಗೆದು ಫೋನು ನೋಡಿದರೆ ಮಗಳ ಹನ್ನೊಂದು ಕರೆ. ನೋಡುತ್ತಿರುವಾಗಲೇ ಇನ್ನೊಂದು ಬಂತು.

“ಎಲ್ಲಿ ಹೋಗಿದ್ದೆ ಅಪ್ಪಾ?”

“ಅಡುಗೆಮನೆ ವಾಲ್ವ್ ಹಾಕ್ತಿದ್ದೆ ಕಣೇ. ಇನ್ಮೇಲೆ ತೊಟ್ಟಿಕ್ಕಲ್ಲ ಅಂತ ಅಮ್ಮಂಗೆ ಹೇಳು.”

ಮಗಳಿಗೆ ಅಳು ತಡೆಯಲಾಗಲಿಲ್ಲ. “ಅಮ್ಮ ಹೋಗ್ಬಿಟ್ಲು ಅಪ್ಪಾ. ಅಪ್ಪ ಬಂದ್ರಾ, ಅಪ್ಪ ಬಂದ್ರಾ ಅಂತ ಬಾಗಿಲೇ ನೋಡ್ತಿದ್ಲು. ನಾನು ಫೋನ್ ಮಾಡ್ತಾನೇ ಇದ್ರೆ, ‘ಬಿಡು, ಕೆಲಸದಲ್ಲಿರ್ತಾರೆ, ತೊಂದರೆ ಕೊಡಬೇಡ’ ಅಂದ್ಲು.”