ಬೊಂಬೆ ಮೆಟ್ಟಿಲ ಮೇಲೆ ಹೆಸ್ಸೆನ್ ಹಡಗು

ಆಗೆಲ್ಲ ನಮ್ಮ ಗೋಕುಲಂ ಬಡಾವಣೆಯಲ್ಲಿ ದಸರಾ ಬಂತೆಂದರೆ ಮಕ್ಕಳು ಸಂಜೆ ಮನೆಯಲ್ಲಿ ಕೂರುವ ಮಾತೇ ಇರಲಿಲ್ಲ. ಕೈಯಲ್ಲೊಂದು ಡಬ್ಬಿ ಹಿಡಿದು ಕಂಡ ಕಂಡ ಗೇಟಿನ ಮುಂದೆ "ಬೊಂಬೆ ಕೂರ್ಸಿದ್ದೀರಾ?" ಎಂದು ಕೂಗುವುದು, ಒಳಗೆ ಹೋಗಿ ನೋಡಿದಂತೆ ಮಾಡುವುದು, ಚರ್ಪು ಈಸಿಕೊಂಡು ಮುಂದಿನ ಮನೆಗೆ ಓಡುವುದು. ಚರ್ಪು ಎಂದರೆ ಬೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ. ಒಂದು ಮನೆಯಲ್ಲಿ ಕಡಲೆಕಾಳು ಉಸಲಿ, ಇನ್ನೊಂದರಲ್ಲಿ ರವೆ ಉಂಡೆ, ಜಿಪುಣರ ಮನೆಯಲ್ಲಿ ಬರೀ ಹುರಿಗಡಲೆ. ನಮ್ಮ ಮನೆಯಲ್ಲಿ ಮಾತ್ರ ಅಜ್ಜಿಯದೊಂದು ಕಾನೂನಿತ್ತು. ಆ ವರ್ಷದ ಹೊಸ ಬೊಂಬೆಯ ಕಥೆ ಕೇಳಿದವರಿಗಷ್ಟೇ ಚರ್ಪು. ಕಥೆ ಹೇಳುವ ಕೆಲಸ ನನ್ನದು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿಗೆ ಮಂಡಿನೋವು ಹೆಚ್ಚಾಗಿ ಪೇಟೆಗೆ ಹೋಗಲಾಗಲಿಲ್ಲ. ಬೇರೆಯವರು ಆರಿಸಿ ತಂದ ಬೊಂಬೆ ಅವಳಿಗೆ ಒಗ್ಗದು. ಹೊಸ ಬೊಂಬೆಯಿಲ್ಲದೆ ಹಬ್ಬ ಹೇಗೆಂದು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದಳು. ಆಗ ಮಹಡಿ ಮೇಲೆ ಬಾಡಿಗೆಗಿದ್ದ ಹೆಲ್ಗಕ್ಕ ಇಳಿದು ಬಂದಳು. ಯೋಗ ಕಲಿಯಲು ಜರ್ಮನಿಯಿಂದ ಬಂದವಳು. ತರಕಾರಿ ಗಾಡಿಯವರ ಹತ್ತಿರ ಅಷ್ಟಿಷ್ಟು ಕನ್ನಡ ಕಲಿತಿದ್ದಳು. ಅವಳ ಕೈಯಲ್ಲಿ ಗೇಣುದ್ದದ, ಬೂದು ಬಣ್ಣದ ಮರದ ಹಡಗಿತ್ತು.

"ನನ್ನ ತಾತ ಮಾಡಿದ್ದು. ತಾತನದು ಇದೊಂದೇ ಇದೆ. ಹಬ್ಬಕ್ಕೆ ಇಡಿ, ಆಮೇಲೆ ಕೊಡಿ," ಎಂದಳು.

ಅಜ್ಜಿ ಅದನ್ನು ಪಟ್ಟದ ರಾಜರಾಣಿಯ ಕೆಳಗಿನ ಮೆಟ್ಟಿಲಲ್ಲಿ, ಸೆಟ್ಟಿ ದಂಪತಿ ಬೊಂಬೆಗಳ ಪಕ್ಕ ಕೂರಿಸಿದಳು. ಹೆಲ್ಗಕ್ಕ ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಪ್ಪನಿಂದ ಕನ್ನಡದಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡು, ಬಂದ ಮಕ್ಕಳಿಗೆಲ್ಲ ಒಪ್ಪಿಸುತ್ತಿದ್ದೆ.

"ಇದು ಜರ್ಮನಿಯ ಯುದ್ಧನೌಕೆ ಹೆಸ್ಸೆನ್. ಮೊದಲನೇ ಮಹಾಯುದ್ಧದಲ್ಲಿ ಉತ್ತರ ಸಮುದ್ರದ ದೊಡ್ಡ ಕಾಳಗಕ್ಕೆ ಹೋಗಿ ಹುಷಾರಾಗಿ ವಾಪಸ್ ಬಂತು. ವಯಸ್ಸಾದ ಮೇಲೆ ಫಿರಂಗಿ ಎಲ್ಲ ಕಿತ್ತುಬಿಟ್ಟರು. ಒಳಗೆ ಯಾರೂ ಇಲ್ಲದ ಹಾಗೆ ರೇಡಿಯೋದಿಂದ ಓಡಿಸಿ, ಗುರಿ ಕಲಿಯೋಕೆ ಅಂತ ಅವರದೇ ಬೇರೆ ಹಡಗಿನವರು ಇದಕ್ಕೆ ಗುಂಡು ಹೊಡೀತಿದ್ದರು. ಹೊಡೆದಾದ ಮೇಲೆ ಹೆಲ್ಗಕ್ಕನ ತಾತ ಹಡಗು ಹತ್ತಿ ತೂತು ಮುಚ್ಚುತ್ತಿದ್ದರು. ಎರಡನೇ ಯುದ್ಧದಲ್ಲಿ ಇದು ಸಮುದ್ರದ ಮೇಲಿನ ಮಂಜುಗಡ್ಡೆ ಒಡೀತು. ಜರ್ಮನಿ ಸೋತ ಮೇಲೆ ರಷ್ಯಾದವರು ತಗೊಂಡು ಹೋದರು. ಅವರೂ ಗುಂಡೇ ಹೊಡೆದರು. ಕೊನೆಗೆ ಗುಜರಿಗೆ ಹಾಕಿದರು."

"ಮುಳುಗ್ಲೇ ಇಲ್ವಾ?" ಎಂದು ಹಿಂದಿನ ರಸ್ತೆಯ ಹುಡುಗರು ನಿರಾಸೆಯಿಂದ ಕೇಳಿದರು.

"ಯಾಕ್ರೋ, ಮುಳುಗಿದ್ರೆ ನಿಮ್ಗೆ ಎರಡು ಉಂಡೆ ಸಿಕ್ತಿತ್ತಾ?" ಎಂದು ಅಜ್ಜಿ ಗದರಿದಳು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಅಪ್ಪನ ಸ್ಕೂಟರಿನವರೆಗೆ ಎಲ್ಲಕ್ಕೂ ಅಜ್ಜಿಯ ಕೈಯ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ನಾನು ಹೂವು ಹಿಡಿದು ಹಿಂದೆ ಹೋಗುತ್ತಿದ್ದೆ. ಹೊಲಿಗೆ ಯಂತ್ರ ಮುಗಿಸಿದ ಅಜ್ಜಿ ಸೀದಾ ಬೊಂಬೆ ಮೆಟ್ಟಿಲಿಗೆ ಬಂದು ಹಡಗಿಗೂ ಬಳಿದೇಬಿಟ್ಟಳು. ಎಣ್ಣೆಯಲ್ಲಿ ಕಲಸಿದ ಕುಂಕುಮ. ಮರ ಗಟಗಟ ಕುಡಿಯಿತು.

ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಅಯ್ಯೋ, ಏನ್ ಮಾಡ್ಬುಟ್ರಿ ಅತ್ತೆ! ಅದು ಅವ್ರ ತಾತಂದು ಕಣ್ರೀ!"

"ಆಯುಧಾನೂ ಹೌದು, ವಾಹನಾನೂ ಹೌದು. ಇದುನ್ನ ಎಂಗೆ ಬುಡ್ಲಿ?"

"ಅದ್ರ ಫಿರಂಗಿ ಕಿತ್ತಾಕಿದ್ರಂತಲ್ಲ!"

"ರಿಟೈರ್ ಆದ್ರೇನಂತೆ? ನಿಮ್ಮಾವ ರಿಟೈರ್ ಆದ್ಮೇಲೂ ಮೇಷ್ಟ್ರೇ ಆಗಿರ್ಲಿಲ್ವಾ?"

ಅಮ್ಮ ಒದ್ದೆ ಬಟ್ಟೆ ತಂದು ಉಜ್ಜಿದಳು. ಉಜ್ಜಿದಷ್ಟೂ ಕೆಂಪು ಹರಡಿ ಹಡಗಿನ ಒಂದು ಪಕ್ಕೆ ಪೂರ್ತಿ ಗುಲಾಬಿಯಾಯಿತು. ಆಗ ಅಜ್ಜಿಯ ಮುಖದಲ್ಲೂ ಗಾಬರಿ ಕಂಡಿತು. "ತಾತನದು ಇದೊಂದೇ ಅಂದಿದ್ಲಲ್ವಾ," ಎಂದು ಮೆಲ್ಲಗೆ ಕೇಳಿದಳು. ನಂಬಿ ಕೊಟ್ಟ ವಸ್ತುವನ್ನು ಹೀಗೆ ಮಾಡಿಟ್ಟೆವಲ್ಲ, ಇನ್ನು ಹೆಲ್ಗಕ್ಕ ನಮ್ಮೊಂದಿಗೆ ಮಾತಾಡುತ್ತಾಳೆಯೇ ಎಂದು ನನಗೆ ಅಳು ಬಂತು.

ಅಷ್ಟರಲ್ಲಿ ಅವಳೇ ಊಟಕ್ಕೆ ಬಂದಳು. ಹಬ್ಬದೂಟಕ್ಕೆ ಕರೆದವರೂ ನಾವೇ. ಅಜ್ಜಿ ಹಡಗನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. "ತಪ್ಪಾಯ್ತು ಕಣಮ್ಮ. ಪೂಜೆ ಮಾಡ್ಬುಟ್ಟೆ."

"ಪೂಜೆ? ಹಡಗಿಗೆ?"

ಹೆಲ್ಗಕ್ಕ ಅದನ್ನು ತೆಗೆದುಕೊಂಡು ನೆಲದ ಮೇಲೆ ಕೂತಳು. ಗುಲಾಬಿಯಾದ ಪಕ್ಕೆಯ ಮೇಲೆ ಬೆರಳಾಡಿಸಿದಳು. ಅಡುಗೆಮನೆಯಲ್ಲಿ ಪಾಯಸ ತಳ ಹಿಡಿಯುವ ವಾಸನೆ ಬಂದರೂ ಯಾರೂ ಕದಲಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

"ಎಲ್ಲಾರೂ ಇದಕ್ಕೆ ಹೊಡೆದರು, ಅಜ್ಜಿ. ನಮ್ಮವರು, ಅವರು, ಎಲ್ಲಾರೂ. ಕೈ ಮುಗಿದವರು ನೀವು ಒಬ್ಬರೇ."

ಅಜ್ಜಿ "ಅಬ್ಬಾ, ಬದುಕ್ದೆ" ಎಂದು ಅಲ್ಲೇ ಮಣೆಯ ಮೇಲೆ ಕುಸಿದಳು. ಅಮ್ಮ ನಕ್ಕಳು, ಆಮೇಲೆ ಪಾಯಸ ನೆನಪಾಗಿ ಓಡಿದಳು. ಸೀದ ಪಾಯಸವನ್ನೇ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಅಷ್ಟು ಹಗುರಾಗಿ ನಾನು ಆಮೇಲೆ ಯಾವ ಹಬ್ಬದಲ್ಲೂ ಊಟ ಮಾಡಿಲ್ಲ. ಬೇಸಿಗೆಯಲ್ಲಿ ಊರಿಗೆ ಹೊರಟಾಗ ಹೆಲ್ಗಕ್ಕ ಹಡಗನ್ನು ಕುಂಕುಮ ಅಳಿಸದೆ ಹಾಗೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದಳು.

ಈಗ ಅಜ್ಜಿ ಇಲ್ಲ. ಬೊಂಬೆಗಳನ್ನು ನಾನೇ ಕೂರಿಸುತ್ತೇನೆ; ಗೇಟಿನ ಮುಂದೆ ಕೂಗುವ ಮಕ್ಕಳಿಲ್ಲ. ಮಹಡಿಗೆ ಈಗಲೂ ದೂರದ ದೇಶದವರೇ ಬರುತ್ತಾರೆ, ಫೋನಿನಲ್ಲೇ ಮನೆ ಗೊತ್ತುಮಾಡಿಕೊಂಡು, ತಿಂಗಳು ಮುಗಿದರೆ ಬೀಗದ ಕೈ ಕಿಟಕಿಯಲ್ಲಿಟ್ಟು ಹೋಗುತ್ತಾರೆ. ಸಭ್ಯರು, ಯಾವ ತಕರಾರೂ ಇಲ್ಲ. ಆದರೆ ಆ ಮಧ್ಯಾಹ್ನದಷ್ಟು ಭಯ, ಆಮೇಲೆ ಅಷ್ಟು ಸಮಾಧಾನ ನನಗೆ ಮತ್ತೆ ಸಿಕ್ಕಿಲ್ಲ. ಹಾಗೆ ಹೆದರಬೇಕಾದರೆ ಯಾರಾದರೂ ತಮ್ಮದೊಂದನ್ನು ನಂಬಿ ನಮ್ಮ ಕೈಗೆ ಕೊಟ್ಟಿರಬೇಕು. ಅವರು ಕೊಡುವುದಿಲ್ಲ, ನಾನೂ ಮಹಡಿ ಹತ್ತಿ ಊಟಕ್ಕೆ ಕರೆಯುವುದಿಲ್ಲ.